ಸೂಪರ್‌ವೈಸರ್ ಬೈದ ದಿನ ನಾವೇನು ಮಾಡಬೇಕು?

ಗಲ್ಫಿಗೆ ಬಂದವರಲ್ಲಿ ಬೈಗುಳ ತಿನ್ನದವರು ಯಾರಿದ್ದಾರೆ? ನಮ್ಮ ಮೀಟಿಂಗಿನಲ್ಲಿ ಈ ಪ್ರಶ್ನೆ ಕೇಳಿದರೆ ಒಂದು ಕೈಯೂ ಮೇಲೆ ಏಳಲಿಕ್ಕಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಬಕಾಲದಲ್ಲಿ ಅಕ್ಕಿ ಮೂಟೆ ಹೊತ್ತವರೂ, ಈಗ ಏಸಿ ಆಫೀಸಿನಲ್ಲಿ ಕಂಪ್ಯೂಟರ್ ಎದುರು ಕೂತವರೂ ಈ ಒಂದು ವಿಷಯದಲ್ಲಿ ಸಮಾನರು. "ಮಾಫಿ ಮುಖ್", "ಯಾ ಹಿಮಾರ್", "ಗಧಾ", "ಯೂಸ್‌ಲೆಸ್". ಭಾಷೆ ಯಾವುದಾದರೂ ಅರ್ಥ ಹೇಳಿಕೊಡಲು ಯಾರೂ ಬೇಡ. ನಮ್ಮಲ್ಲಿ ಹೆಚ್ಚಿನವರು ಅರಬಿಯಲ್ಲಿ ಒಂದರಿಂದ ಹತ್ತು ಎಣಿಸಲು ಕಲಿಯುವ ಮೊದಲೇ ಕಲಿತ ಶಬ್ದಗಳು ಇವು.

ಆದರೂ ಇದರ ಬಗ್ಗೆ ನಾವು ಬಾಯಿ ಬಿಡುವುದಿಲ್ಲ. ಸಂಬಳ ಬಾಕಿ, ಇಕಾಮಾ ರಿನ್ಯೂವಲ್, ಎಕ್ಸಿಟ್, ಆಸ್ಪತ್ರೆ, ಟಿಕೆಟು ಅಂತ ನಮಗೆ ದಿನಾ ಫೋನ್ ಬರುತ್ತದೆ. "ಎಲ್ಲರ ಎದುರು ನನ್ನ ಮರ್ಯಾದೆ ತೆಗೆದರು, ಎಂತ ಮಾಡುವುದು?" ಅಂತ ಯಾರೂ ಫೋನ್ ಮಾಡುವುದಿಲ್ಲ. ಅದನ್ನು ಹೇಳಲು ನಾಚಿಕೆ. ಗಂಡಸಲ್ಲವಾ, ಇಷ್ಟಕ್ಕೆಲ್ಲ ಅಳುವುದಾ ಅಂತ ಕೇಳಿಯಾರು ಎಂಬ ಹೆದರಿಕೆ. ಆದರೆ ನಮ್ಮ ಹತ್ತಿರ ಬಂದ ದೊಡ್ಡ ದೊಡ್ಡ ಕೇಸುಗಳ ಬುಡ ಹುಡುಕಿಕೊಂಡು ಹೋದರೆ ಎಷ್ಟೋ ಸಲ ಅಲ್ಲಿ ಸಿಗುವುದು ಒಂದು ಬೈಗುಳ. ಅದಕ್ಕೇ ಈ ಸಲ ಈ ವಿಷಯ.

ಒಂದು ಏಪ್ರನ್ನಿನ ಕತೆ

ದಮ್ಮಾಮಿನ ಒಂದು ಸೂಪರ್ ಮಾರ್ಕೆಟಿನಲ್ಲಿ ಪುತ್ತೂರು ಕಡೆಯ ಹುಡುಗನೊಬ್ಬ ಕೆಲಸಕ್ಕಿದ್ದ. ಇಪ್ಪತ್ಮೂರು ವರ್ಷ. ವೀಸಾಕ್ಕೆ ಕೊಟ್ಟ ಹಣದಲ್ಲಿ ಅರ್ಧ ಸಾಲ, ಇನ್ನರ್ಧ ಅಕ್ಕನ ಬಳೆ. ಹಾಲು, ಲಬನ್, ಮೊಸರು ಇಡುವ ಚಿಲ್ಲರ್ ಅವನ ಜವಾಬ್ದಾರಿ. ಅಲ್ಲಿಯ ಲೆಕ್ಕ ಗೊತ್ತಿರುವವರಿಗೆ ಗೊತ್ತು: ಹೊಸ ಮಾಲು ಹಿಂದೆ, ಹಳೆ ಮಾಲು ಮುಂದೆ, ಡೇಟ್ ಹತ್ತಿರ ಬಂದದ್ದನ್ನು ಬೆಳಿಗ್ಗೆಯೇ ತೆಗೆದು ಬದಿಗಿಡಬೇಕು. ಒಂದು ಗುರುವಾರ ಸಂಜೆ, ಅಂಗಡಿ ತುಂಬ ಜನ ಇರುವಾಗ, ಡೇಟ್ ಮುಗಿದ ನಾಲ್ಕು ಬಾಟ್ಲಿ ಲಬನ್ ಸೂಪರ್‌ವೈಸರ್ ಕೈಗೆ ಸಿಕ್ಕಿತು. ಅಲ್ಲೇ, ಗಿರಾಕಿಗಳ ಎದುರೇ, ಬಾಟ್ಲಿಯನ್ನು ಟ್ರಾಲಿಗೆ ಎಸೆದು ಬೊಬ್ಬೆ ಹೊಡೆದ. "ಮಾಫಿ ಮುಖ್! ನಿನ್ನನ್ನು ಯಾರು ಇಲ್ಲಿಗೆ ಕಳಿಸಿದ್ದು? ಬಾರ್ರಾ!"

ಹುಡುಗ ಏಪ್ರನ್ ಬಿಚ್ಚಿ ನೆಲಕ್ಕೆ ಹಾಕಿ ರೂಮಿಗೆ ಬಂದ.

ಇಲ್ಲಿಯವರೆಗೆ ಆದದ್ದು ಕೋಪ. ಇದರ ನಂತರ ಆದದ್ದರಲ್ಲಿ ನಮ್ಮದೂ ಪಾಲುಂಟು. ರೂಮಿನಲ್ಲಿ ಎಂಟು ಜನ. ಎಲ್ಲರೂ ಅವನ ಪರ. ಒಬ್ಬ ಹೇಳಿದ, "ನಾಳೆ ಹೋಗ್ಬೇಡ, ಅವನಿಗೆ ಗೊತ್ತಾಗ್ಲಿ." ಇನ್ನೊಬ್ಬ, "ಫೋನ್ ಆಫ್ ಮಾಡಿ ಮಲಗು, ಅವರೇ ಹುಡುಕಿಕೊಂಡು ಬರ್ತಾರೆ." ಮತ್ತೊಬ್ಬ, "ನಾನಾಗಿದ್ರೆ ಎರಡು ಕೊಟ್ಟೇ ಬರ್ತಿದ್ದೆ." ಹೇಳಿದವರೆಲ್ಲ ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು ತಮ್ಮ ತಮ್ಮ ಡ್ಯೂಟಿಗೆ ಹೋದರು. ಹುಡುಗ ರೂಮಿನಲ್ಲಿ ಮಲಗಿಯೇ ಇದ್ದ. ಒಂದು ದಿನ, ಎರಡು ದಿನ, ಒಂದು ವಾರ. ಹುಡುಕಿಕೊಂಡು ಯಾರೂ ಬರಲಿಲ್ಲ. ನಮ್ಮ ಘಟಕದವರಿಗೆ ಸುದ್ದಿ ಸಿಗುವಾಗ ಅವನು ಕೆಲಸಕ್ಕೆ ಬರುತ್ತಿಲ್ಲವೆಂದು ಕಂಪನಿ ರಿಪೋರ್ಟ್ ಹಾಕಿಯಾಗಿತ್ತು. ನಾವೆಲ್ಲ "ಹುರೂಬ್" ಅಂತ ಹೆದರುವುದು ಇದಕ್ಕೇ. ಎಷ್ಟು ಓಡಾಡಿದರೂ ಕಂಪನಿ ಒಪ್ಪಿದ್ದು ಫೈನಲ್ ಎಕ್ಸಿಟ್ಟಿಗೆ ಮಾತ್ರ. ಸಾಲ ಉಳಿಯಿತು, ಬಳೆ ಬಿಡಿಸಲಾಗಲಿಲ್ಲ.

ಏರ್‌ಪೋರ್ಟಿಗೆ ಬಿಡಲು ಹೋದಾಗ ನಮ್ಮವರೊಬ್ಬರು ಕಾರಿನಲ್ಲಿ ಕೇಳಿದರು: "ಮೋನು, ಆ ಲಬನ್ ಡೇಟ್ ಮುಗಿದದ್ದು ಹೌದಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, "ಹೌದು ಕಾಕ. ಬೆಳಿಗ್ಗೆ ನೋಡ್ಲಿಕ್ಕೆ ಮರೆತುಹೋಯ್ತು."

ಅಷ್ಟು ದಿನ ನಾವು ಯಾರೂ ಅವನಲ್ಲಿ ಆ ಪ್ರಶ್ನೆ ಕೇಳಿಯೇ ಇರಲಿಲ್ಲ. ಬೈದದ್ದು ತಪ್ಪು ಅಂತ ಎಂಟು ಜನ ಹೇಳಿದೆವು. ಬೈಗುಳದೊಳಗೆ ಇದ್ದ ವಿಷಯ ಸರಿಯಾ ಅಂತ ಒಬ್ಬರೂ ನೋಡಲಿಲ್ಲ.

ಸ್ವರ ಬೇರೆ, ವಿಷಯ ಬೇರೆ

ನಾವು ಈ ಲೇಖನದಲ್ಲಿ ಹೇಳಲು ಹೊರಟದ್ದು ಇಷ್ಟೇ. ಪ್ರತಿ ಬೈಗುಳದಲ್ಲಿ ಎರಡು ವಸ್ತುಗಳಿರುತ್ತವೆ. ಒಂದು ಸ್ವರ, ಇನ್ನೊಂದು ವಿಷಯ. ಸ್ವರ ಬೈದವನದ್ದು. ಅವನ ಸ್ವಭಾವ, ಅವನಿಗೆ ಮೇಲಿನಿಂದ ಬಿದ್ದ ಪೆಟ್ಟು, ಅವನ ಮನೆಯ ಗಲಾಟೆ, ಅವನ ಶುಗರು ಪ್ರೆಶರು ಎಲ್ಲ ಅದರಲ್ಲಿ ಸೇರಿರುತ್ತದೆ. ವಿಷಯ ಮಾತ್ರ ನಮ್ಮದು. ಡೇಟ್ ನೋಡಲಿಲ್ಲ, ತಡವಾಗಿ ಬಂದೆ, ಬಿಲ್ ತಪ್ಪಿತು, ಹಾರ್ನೆಸ್ ಹಾಕಲಿಲ್ಲ. ವಿಷಯ ನಿಜವಾದರೆ ಅದನ್ನು ತೆಗೆದುಕೊಳ್ಳಬೇಕು. ಸ್ವರವನ್ನು ಅಲ್ಲೇ ಬಿಟ್ಟು ಬರಬೇಕು.

ಇದು ಹೇಳಲು ಸುಲಭ, ಮಾಡಲು ಕಷ್ಟ ಅಂತ ನಮಗೂ ಗೊತ್ತು. ನಾವು ಸಾಮಾನ್ಯವಾಗಿ ಮಾಡುವುದು ಎರಡರಲ್ಲಿ ಒಂದು. ಒಂದೋ ಆ ಹುಡುಗನ ಹಾಗೆ ಏಪ್ರನ್ ಬಿಸಾಡುವುದು. ಇಲ್ಲದಿದ್ದರೆ "ಖಲ್ಲಿ ವಲ್ಲಿ" ಅನ್ನುವುದು. ಈ "ಖಲ್ಲಿ ವಲ್ಲಿ" ನಮ್ಮನ್ನು ಎಷ್ಟೋ ಸಲ ಕಾಪಾಡಿದೆ, ನಿಜ. ಆದರೆ ಅದರಲ್ಲೊಂದು ನಷ್ಟವುಂಟು. ಸ್ವರದ ಜತೆ ವಿಷಯವನ್ನೂ ಕಸದ ಡಬ್ಬಕ್ಕೆ ಹಾಕಿಬಿಡುತ್ತೇವೆ. ಹಾಗಾಗಿ ಮುಂದಿನ ತಿಂಗಳು ಅದೇ ತಪ್ಪಿಗೆ ಅದೇ ಬೈಗುಳ. ಹತ್ತು ವರ್ಷ ಕಳೆದರೂ ಹೆಲ್ಪರ್ ಹೆಲ್ಪರಾಗಿಯೇ ಉಳಿಯುತ್ತಾನೆ. ಬೇರೆ ಊರಿನವ ನಿನ್ನೆ ಬಂದು ಇಂದು ಅವನ ಮೇಲೆ ಸೂಪರ್‌ವೈಸರ್ ಆಗುತ್ತಾನೆ. ಆಗ ನಾವು ಹೇಳುವುದು, "ಅವರದ್ದು ಗ್ರೂಪ್ ಮಾರಾಯ, ನಮ್ಮನ್ನು ಮೇಲೆ ಬರಲು ಬಿಡುವುದಿಲ್ಲ." ಕೆಲವೊಮ್ಮೆ ಅದು ಹೌದು. ಯಾವಾಗಲೂ ಹೌದಲ್ಲ.

ಸ್ವರವನ್ನೂ ವಿಷಯವನ್ನೂ ಬೇರೆ ಮಾಡುವ ವಿದ್ಯೆ ನಮಗೆ ಹೊಸತಲ್ಲ. ನಮ್ಮ ಉಮ್ಮಂದಿರಿಗೆ ಅದು ಗೊತ್ತಿತ್ತು. ನಮ್ಮಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಬೀಡಿ ಕಟ್ಟಿದ ಹಣದಿಂದ. ಗೆರಸೆ ಮಡಿಲಲ್ಲಿಟ್ಟು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಸಾವಿರ ಬೀಡಿ ಮಾಡಿ ಬ್ರಾಂಚಿಗೆ ಹೋದರೆ ಅಲ್ಲಿ ಚೆಕ್ ಮಾಡುವವರು ಕಟ್ಟು ಬಿಚ್ಚಿ ಬೀಡಿ ತೆಗೆದು ಬಿಸಾಡುತ್ತಿದ್ದರು. "ಇದೆಂತದು ಕಟ್ಟಿದ್ದು? ಮನೆಯಲ್ಲಿ ಕಣ್ಣು ಮುಚ್ಚಿ ಕೂತಿದ್ಯಾ?" ಅಂತ ಜೋರು ಮಾಡುವುದೂ ಇತ್ತು. ಚಡ್ಡಿ ಹಾಕಿಕೊಂಡು ಉಮ್ಮನ ಕೈ ಹಿಡಿದು ಹೋದ ನಾವು ಅದನ್ನು ಕಣ್ಣಾರೆ ಕಂಡಿದ್ದೇವೆ. ಉಮ್ಮ ಅಲ್ಲಿ ಜಗಳ ಮಾಡಲಿಲ್ಲ. ಬಿಸಾಡಿದ ಬೀಡಿಯಲ್ಲಿ ಒಂದನ್ನು ಹೆಕ್ಕಿ ನೋಡಿದರು. ತಲೆ ಸರಿ ಮಡಚಿಲ್ಲವಾ, ಎಲೆ ಒಡೆದಿದೆಯಾ, ಹೊಗೆಸೊಪ್ಪು ಕಡಿಮೆಯಾ? ಮನೆಗೆ ಬಂದು ಅದನ್ನು ಸರಿ ಮಾಡಿದರು. ಆದರೆ ಅದೇ ಉಮ್ಮ, ಲೆಕ್ಕದಲ್ಲಿ ಮೋಸ ಆದ ದಿನ, ಒಳ್ಳೆಯ ಬೀಡಿಯನ್ನು ಕೆಟ್ಟದ್ದೆಂದು ತೆಗೆದ ದಿನ ಸುಮ್ಮನೆ ಬರಲಿಲ್ಲ. ನೆರೆಮನೆಯ ನಾಲ್ಕು ಹೆಂಗಸರನ್ನು ಕರೆದುಕೊಂಡು ಹೋಗಿ ಕೇಳಿದರು. ಯಾವುದಕ್ಕೆ ಸುಮ್ಮನಿರಬೇಕು, ಯಾವುದಕ್ಕೆ ಕೇಳಬೇಕು ಅಂತ ಅವರಿಗೆ ಯಾರೂ ಟ್ರೈನಿಂಗ್ ಕೊಟ್ಟಿರಲಿಲ್ಲ.

ಇನ್ನೊಂದು ಮಾತು. ಎಲ್ಲ ಬೊಬ್ಬೆಯೂ ಅವಮಾನ ಅಲ್ಲ. ಜುಬೈಲಿನಲ್ಲಿ ಶಟ್‌ಡೌನ್ ಕೆಲಸ ಮಾಡಿದವರನ್ನು ಕೇಳಿ. ಸ್ಕಫೋಲ್ಡಿಂಗಿನ ಮೇಲೆ ಹಾರ್ನೆಸ್ಸಿನ ಹುಕ್ ಸಿಕ್ಕಿಸದೆ ನಿಂತವನಿಗೆ ಸೇಫ್ಟಿ ಆಫೀಸರ್ ಕೆಳಗಿನಿಂದ ಕಿರುಚುವಾಗ "ದಯವಿಟ್ಟು" ಅಂತ ಸೇರಿಸಲು ಸಮಯ ಇರುವುದಿಲ್ಲ. ಕ್ರೇನ್ ತಿರುಗುವಾಗ ಅದರ ಅಡಿಯಲ್ಲಿ ನಡೆದವನನ್ನು ಕಾಲರ್ ಹಿಡಿದು ಎಳೆದದ್ದಕ್ಕೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ. ಅಂತಹ ಬೈಗುಳ ತಿಂದು ಜೀವಂತವಾಗಿ ಊರಿಗೆ ಹೋದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಆ ಐದು ನಿಮಿಷ

ಬೈಗುಳ ಬೀಳುವ ಐದು ನಿಮಿಷ ಬಹಳ ಮುಖ್ಯ. ಆಗ ಕಿವಿ ಬಿಸಿಯಾಗುತ್ತದೆ, ಕೈ ನಡುಗುತ್ತದೆ, ಬಾಯಿಗೆ ಬ್ಯಾರಿಯೋ ತುಳುವೋ ಬರುತ್ತದೆ. ಅವನಿಗೆ ಅರ್ಥ ಆಗಲಿಕ್ಕಿಲ್ಲ ಅಂತ ನಾವು ಮೆಲ್ಲ ಎರಡು ಶಬ್ದ ಹೇಳುತ್ತೇವೆ. ಶಬ್ದ ಅರ್ಥ ಆಗದಿದ್ದರೂ ಮುಖ ಅರ್ಥ ಆಗುತ್ತದೆ. ಆ ಹೊತ್ತಿನಲ್ಲಿ ವಾದ ಮಾಡಿ ಗೆದ್ದವರನ್ನು ನಾವು ಕಂಡಿಲ್ಲ. "ಅವನೂ ಹಾಗೇ ಮಾಡಿದ್ದಾನೆ, ಅವನಿಗೆ ಯಾಕೆ ಬೈಯುವುದಿಲ್ಲ?" ಅಂದರೆ ಬೈಗುಳವೂ ನಿಲ್ಲುವುದಿಲ್ಲ, ಜತೆಗಾರನ ಸ್ನೇಹವೂ ಹೋಗುತ್ತದೆ.

ತಪ್ಪು ನಮ್ಮದಾದರೆ ಸಣ್ಣ ಉತ್ತರ ಸಾಕು. "ಗಲ್ತಿ ಹೋಗಯಾ ಸರ್, ಅಭೀ ಠೀಕ್ ಕರ್ತಾ ಹೂಂ." ತಪ್ಪು ಏನೆಂದು ಗೊತ್ತಾಗದಿದ್ದರೆ, "ಸರ್, ಕೌನ್ಸಾ ಗಲತ್ ಹೈ, ಏಕ್ ಬಾರ್ ದಿಖಾವೋ." ಈ ಎರಡನೆಯ ಮಾತಿಗೆ ಬಹಳ ಶಕ್ತಿಯುಂಟು. ತೋರಿಸು ಅಂದ ಕೂಡಲೇ ಅವನು ಬೊಬ್ಬೆ ನಿಲ್ಲಿಸಿ ವಿಷಯಕ್ಕೆ ಬರಲೇಬೇಕಾಗುತ್ತದೆ. ತೋರಿಸಲು ಏನೂ ಇಲ್ಲದಿದ್ದರೆ ಅದೂ ನಿಂತವರಿಗೆಲ್ಲ ಗೊತ್ತಾಗುತ್ತದೆ. ತಪ್ಪು ನಮ್ಮದಲ್ಲದಿದ್ದರೆ ಅಲ್ಲಿ ಕೋರ್ಟು ಮಾಡದೆ, "ಸರ್, ಡ್ಯೂಟಿ ಕೇ ಬಾದ್ ದೋ ಮಿನಿಟ್ ಬಾತ್ ಕರ್ನಾ ಹೈ" ಅಂತ ಹೇಳಿ ಕೆಲಸಕ್ಕೆ ಹೋಗುವುದು ಒಳ್ಳೆಯದು. ನೀರು ಕುಡಿಯಿರಿ. ವುಳೂ ಮಾಡುವ ಅಭ್ಯಾಸ ಇದ್ದವರು ವುಳೂ ಮಾಡಿ ಬನ್ನಿ. ಮದ್ರಸದಲ್ಲಿ ಕಲಿತದ್ದು ಇಂತಹ ಹೊತ್ತಿಗೆ ಉಪಯೋಗಕ್ಕೆ ಬರದಿದ್ದರೆ ಮತ್ತೆ ಯಾವಾಗ?

ಮರುದಿನ ಮಾತಾಡುವುದನ್ನು ಮಾತ್ರ ಮರೆಯಬಾರದು. ನಮ್ಮಲ್ಲಿ ಒಬ್ಬರು ಶಾರ್ಜಾದ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಪ್ಯಾಲೆಟ್ ತಪ್ಪು ರ್ಯಾಕಿನಲ್ಲಿಟ್ಟದ್ದಕ್ಕೆ ಇಪ್ಪತ್ತು ಜನರ ಎದುರು ಬೈಗುಳ ತಿಂದರು. ಮರುದಿನ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಸೂಪರ್‌ವೈಸರ್ ಚಾ ಕುಡಿಯುತ್ತಾ ಒಬ್ಬರೇ ಇದ್ದಾಗ ಹೋಗಿ ಹೇಳಿದರು: "ನಿನ್ನೆ ನೀವು ಹೇಳಿದ್ದು ಸರಿ. ಪ್ಯಾಲೆಟ್ ಸರಿ ಜಾಗಕ್ಕೆ ಹಾಕಿದ್ದೇನೆ, ನಂಬರ್ ಬರೆದೂ ಇಟ್ಟಿದ್ದೇನೆ. ಆದರೆ ಎಲ್ಲರೆದುರು ಆ ಶಬ್ದ ಹೇಳಬೇಡಿ ಸಾರ್. ನನಗೂ ಊರಲ್ಲಿ ದೊಡ್ಡ ಮಕ್ಕಳಿದ್ದಾರೆ." ಆತ ಕ್ಷಮೆ ಕೇಳಲಿಲ್ಲ. "ಓಕೆ, ಗೋ" ಅಂದ, ಅಷ್ಟೇ. ಆದರೆ ಆ ನಂತರ ಏನಾದರೂ ಇದ್ದರೆ ಕ್ಯಾಬಿನ್ನಿಗೆ ಕರೆದು ಹೇಳುತ್ತಿದ್ದ. ಎಲ್ಲ ಸೂಪರ್‌ವೈಸರೂ ಹೀಗೆ ಬದಲಾಗುತ್ತಾರೆಂದು ನಾವು ಹೇಳುವುದಿಲ್ಲ. ಮೊದಲು ತಪ್ಪು ಒಪ್ಪಿಕೊಂಡವನ ದೂರಿಗೆ ತೂಕ ಇರುತ್ತದೆ ಅಂತ ಮಾತ್ರ ಹೇಳುತ್ತೇವೆ.

ಫೋನಿನ ಆ ಕಡೆ ಇರುವವರು

ಡ್ಯೂಟಿಯಲ್ಲಿ ನುಂಗಿದ ಬೈಗುಳ ಎಲ್ಲಿಗೆ ಹೋಗುತ್ತದೆ? ರಾತ್ರಿ ಹತ್ತು ಗಂಟೆಗೆ ಊರಿಗೆ ಮಾಡುವ ಕಾಲ್‌ನಲ್ಲಿ ಅದು ಹೊರಗೆ ಬರುತ್ತದೆ. ಹೆಂಡತಿ "ಊಟ ಆಯ್ತಾ?" ಅಂತ ಕೇಳಿದರೂ ಸಿಟ್ಟು. ಮಗ ಟ್ಯೂಷನ್ ಫೀಸ್ ಕೇಳಿದರೆ "ಇಲ್ಲಿ ಹಣದ ಮರ ಉಂಟಾ?" ಅಂತ ಬೊಬ್ಬೆ. ಹೀಗೆ ಸೂಪರ್‌ವೈಸರಿನ ಸ್ವರವನ್ನು ನಾವೇ ಸಮುದ್ರ ದಾಟಿಸಿ ಮನೆಗೆ ಮುಟ್ಟಿಸುತ್ತೇವೆ. ಎಂಟು ವರ್ಷದ ಮಗುವಿಗೆ ಆ ಲಬನಿನ ಡೇಟ್ ಗೊತ್ತಿಲ್ಲ. ಉಪ್ಪನಿಗೆ ತನ್ನ ಮೇಲೆ ಸಿಟ್ಟು ಅಂತ ಮಾತ್ರ ಅದಕ್ಕೆ ಗೊತ್ತಾಗುತ್ತದೆ.

"ಇವತ್ತು ಕೆಲಸದಲ್ಲಿ ಮಂಡೆಬಿಸಿ ಆಯ್ತು, ಅರ್ಧ ಗಂಟೆ ಬಿಟ್ಟು ಫೋನ್ ಮಾಡ್ತೇನೆ" ಅಂತ ಹೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಈ ಪತ್ರಿಕೆ ಓದುವ ಊರಿನ ಸಹೋದರಿಯರಿಗೂ ಒಂದು ವಿನಂತಿ. ಅವರು ಬೈಗುಳದ ವಿಷಯ ಹೇಳಿಕೊಂಡ ದಿನ ಕೂಡಲೇ "ಬಿಟ್ಟು ಬನ್ನಿ, ಗಂಜಿ ಕುಡಿದು ಬದುಕುವ" ಅನ್ನಬೇಡಿ. "ಎಲ್ಲರಿಗೂ ಆಗುವುದೇ, ಅದರಲ್ಲಿ ಎಂತ ಉಂಟು" ಅಂತಲೂ ಅನ್ನಬೇಡಿ. ಮೊದಲ ಮಾತು ಕೇಳಿ ಅವಸರದಲ್ಲಿ ಬಂದುಬಿಡುವವರೂ ಇದ್ದಾರೆ. ಎರಡನೆಯದನ್ನು ಕೇಳಿದವರು ಮತ್ತೆ ಏನೂ ಹೇಳುವುದಿಲ್ಲ. ಸುಮ್ಮನೆ ಪೂರ್ತಿ ಕೇಳಿದರೆ ಸಾಕು. ಕಡೆಗೆ "ನಾಳೆ ಎಂತ ಮಾಡ್ತೀರಿ?" ಅಂತ ಕೇಳಿ.

ಎಲ್ಲಿಯವರೆಗೆ ಸಹಿಸುವುದು?

ಇಷ್ಟು ಹೇಳಿದ ಕೂಡಲೇ ಕೆಲವರು ಕೇಳಬಹುದು, ಹಾಗಾದರೆ ಏನು ಮಾಡಿದರೂ ತಲೆ ತಗ್ಗಿಸಿ ಇರಬೇಕಾ? ಖಂಡಿತ ಬೇಡ. ಬೈಗುಳಕ್ಕೆ ಒಂದು ಗಡಿಯುಂಟು. ಮೈಮೇಲೆ ಕೈ ಹಾಕಿದರೆ, ಉಮ್ಮ-ಬಾಪರನ್ನೋ ಧರ್ಮವನ್ನೋ ದೇಶವನ್ನೋ ಹಿಡಿದು ಬೈದರೆ, ಸಂಬಳ ಕೊಡುವುದಿಲ್ಲ, ಪಾಸ್‌ಪೋರ್ಟ್ ಕೊಡುವುದಿಲ್ಲ ಅಂತ ಬೆದರಿಸಿದರೆ ಅದರಲ್ಲಿ ವಿಷಯ ಹುಡುಕುತ್ತಾ ಕೂರುವ ಅಗತ್ಯ ಇಲ್ಲ. ಅದು ಟೀಕೆಯಲ್ಲ. ಅದಕ್ಕೆ ಇಲ್ಲಿಯ ಕಾನೂನೇ ಉತ್ತರ ಕೊಟ್ಟಿದೆ.

ಸೌದಿ ಕಾರ್ಮಿಕ ಕಾನೂನಿನ 61ನೇ ವಿಧಿ ಮಾಲಕರಿಗೆ ಹೇಳುವುದು ಇದನ್ನೇ: ಕೆಲಸದವರನ್ನು ಗೌರವದಿಂದ ನಡೆಸಿಕೊಳ್ಳಬೇಕು, ಅವರ ಮಾನಕ್ಕೂ ಧರ್ಮಕ್ಕೂ ಧಕ್ಕೆ ತರುವ ಮಾತು, ಕೃತಿ ಎರಡೂ ಕೂಡದು. 81ನೇ ವಿಧಿಯ ಪ್ರಕಾರ ಹಲ್ಲೆ, ಕ್ರೂರ ವರ್ತನೆ, ಅವಮಾನ ನಡೆದರೆ ಕೆಲಸಗಾರ ನೋಟಿಸ್ ಕೊಡದೆಯೇ ಕೆಲಸ ಬಿಡಬಹುದು, ಅವನ ಹಕ್ಕಿನ ಹಣ ಹೋಗುವುದಿಲ್ಲ. ಆದರೆ ಇದನ್ನು ಓದಿದ ಕೂಡಲೇ ಏಪ್ರನ್ ಬಿಚ್ಚಬೇಡಿ. ನಡೆದದ್ದನ್ನು ತೋರಿಸಿಕೊಡುವ ಕೆಲಸ ನಮ್ಮ ಮೇಲೆಯೇ ಬೀಳುತ್ತದೆ. ಮೊದಲು ದೂರು, ತಿಳಿದವರ ಸಲಹೆ. ಆಮೇಲೆ ಉಳಿದದ್ದು.

ಯುಎಇಯಲ್ಲಿ 2021ರ 33ನೇ ನಂಬರಿನ ಕಾರ್ಮಿಕ ಕಾನೂನು 2022ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಅದರ 14ನೇ ವಿಧಿ ಮಾಲಕರಾಗಲಿ, ಮೇಲಧಿಕಾರಿಯಾಗಲಿ, ಜತೆ ಕೆಲಸಗಾರರಾಗಲಿ ಕೆಲಸಗಾರನ ಮೇಲೆ ಮಾತಿನಿಂದ, ಕೈಯಿಂದ ಅಥವಾ ಮಾನಸಿಕವಾಗಿ ದೌರ್ಜನ್ಯ ಮಾಡುವುದನ್ನು ನಿಷೇಧಿಸಿದೆ. ಮಾತಿನಿಂದ ಮಾಡುವುದೂ ದೌರ್ಜನ್ಯ ಅಂತ ಕಾನೂನಿನಲ್ಲೇ ಬರೆದದ್ದನ್ನು ಗಮನಿಸಿ.

ದಂಡದ ವಿಷಯದಲ್ಲೂ ಲೆಕ್ಕ ಉಂಟು. "ಸಂಬಳ ಕಟ್" ಅನ್ನುವುದು ಸೂಪರ್‌ವೈಸರಿನ ಬಾಯಿಯಲ್ಲಿ ಯಾವಾಗಲೂ ಇರುವ ಮಾತು. ಸೌದಿಯಲ್ಲಿ ಒಂದು ತಪ್ಪಿಗೆ ಐದು ದಿನದ ಸಂಬಳಕ್ಕಿಂತ ಹೆಚ್ಚು ದಂಡ ಹಾಕುವಂತಿಲ್ಲ. ಒಂದು ತಿಂಗಳಲ್ಲಿ ದಂಡಕ್ಕಾಗಿ ಐದು ದಿನಕ್ಕಿಂತ ಹೆಚ್ಚು ಕಡಿತ ಮಾಡುವಂತೆಯೂ ಇಲ್ಲ. ಯುಎಇಯಲ್ಲೂ ಇಂತಹ ಕಡಿತಕ್ಕೆ ತಿಂಗಳಿಗೆ ಐದು ದಿನದ ಮಿತಿಯುಂಟು. ಸೌದಿಯ 71ನೇ ವಿಧಿಯ ಪ್ರಕಾರ ಆರೋಪವನ್ನು ಬರಹದಲ್ಲಿ ತಿಳಿಸಿ, ನಮ್ಮ ಉತ್ತರ ಕೇಳಿ, ಅದನ್ನು ದಾಖಲೆ ಮಾಡಿಯೇ ಶಿಸ್ತುಕ್ರಮ ತೆಗೆದುಕೊಳ್ಳಬೇಕು. ಎಚ್ಚರಿಕೆ ಅಥವಾ ಒಂದು ದಿನದ ಸಂಬಳದೊಳಗಿನ ದಂಡದಂತಹ ಸಣ್ಣ ವಿಷಯಕ್ಕೆ ಮಾತ್ರ ಬಾಯಿಮಾತಿನ ವಿಚಾರಣೆ ಸಾಕು. ಆದುದರಿಂದ ಅರಬಿಯಲ್ಲಿ ಬರೆದ ವಾರ್ನಿಂಗ್ ಲೆಟರ್ ಕೊಟ್ಟು "ಸೈನ್ ಹಾಕು" ಅಂದರೆ, ಅದರಲ್ಲಿ ಏನಿದೆ ಅಂತ ಓದಿಸಿ ಕೇಳಿ. ಓದಲಾಗದಿದ್ದರೆ ಅದು ಸಿಕ್ಕಿದೆ ಅಂತ ಮಾತ್ರ ಬರೆದು, ತಾರೀಕು ಹಾಕಿ, ಒಂದು ಕಾಪಿ ಕೇಳಿ.

ಅದೇ ಕಾನೂನುಗಳು ನಮ್ಮ ಕೈಯನ್ನೂ ಕಟ್ಟಿವೆ. ಮೇಲಧಿಕಾರಿಯ ಮೇಲೆ ಹಲ್ಲೆ ಮಾಡಿದವನನ್ನು ನೋಟಿಸ್ ಇಲ್ಲದೆ ಕೆಲಸದಿಂದ ತೆಗೆಯಲು ಎರಡೂ ದೇಶಗಳಲ್ಲಿ ಅವಕಾಶವುಂಟು. "ಎರಡು ಕೊಟ್ಟು ಬಾ" ಅಂತ ಹೇಳುವ ರೂಮ್‌ಮೇಟ್ ಇದನ್ನು ಹೇಳಿಕೊಡುವುದಿಲ್ಲ. ಸರಿಯಾದ ಕಾರಣ ಇಲ್ಲದೆ ಯುಎಇಯಲ್ಲಿ ಸತತ ಏಳು ದಿನಕ್ಕಿಂತ ಹೆಚ್ಚು, ಸೌದಿಯಲ್ಲಿ ಸತತ ಹದಿನೈದು ದಿನಕ್ಕಿಂತ ಹೆಚ್ಚು ಕೆಲಸಕ್ಕೆ ಹೋಗದಿದ್ದರೆ ಅದೂ ಕೆಲಸದಿಂದ ತೆಗೆಯಲು ಕಾರಣವಾಗುತ್ತದೆ.

ಇನ್ನೊಂದು ದೊಡ್ಡ ಅಪಾಯ ಮೊಬೈಲ್. ಸೂಪರ್‌ವೈಸರ್ ಬೈಯುವುದನ್ನು ಗುಟ್ಟಾಗಿ ವೀಡಿಯೊ ಮಾಡಿ ವಾಟ್ಸಾಪಿಗೆ ಹಾಕುವುದು ಈಗ ನಮ್ಮ ಹುಡುಗರಿಗೆ ಸುಲಭ. ಊರಲ್ಲಿ ಅದಕ್ಕೆ ಲೈಕ್ ಬರಬಹುದು. ಇಲ್ಲಿ ಕೇಸು ಬರುತ್ತದೆ. ಮೊಬೈಲ್ ಕ್ಯಾಮೆರಾ ಬಳಸಿ ಇನ್ನೊಬ್ಬರ ಖಾಸಗಿತನಕ್ಕೆ ಧಕ್ಕೆ ತಂದರೆ ಸೌದಿಯಲ್ಲಿ ಒಂದು ವರ್ಷದವರೆಗೆ ಜೈಲು, 5 ಲಕ್ಷ ರಿಯಾಲ್‌ವರೆಗೆ ದಂಡ ಇರುವ ಕಾನೂನು ಉಂಟು. ಯುಎಇಯಲ್ಲೂ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಮಾತು ರೆಕಾರ್ಡ್ ಮಾಡುವುದು ಅಪರಾಧ. ದೂರು ಕೊಡಬೇಕಾದವನೇ ಆರೋಪಿಯಾಗಿ ನಿಲ್ಲುವ ಹಾಗೆ ಆಗಬಾರದು.

ವೀಡಿಯೊ ಬದಲು ಎರಡು ರಿಯಾಲಿನ ಒಂದು ಪುಸ್ತಕ ತೆಗೆದುಕೊಳ್ಳಿ. ತಾರೀಕು, ಗಂಟೆ, ಜಾಗ, ಹೇಳಿದ ಮಾತು, ಅಲ್ಲಿ ಯಾರಿದ್ದರು ಅಂತ ಅದೇ ದಿನ ಬರೆದಿಡಿ. ಕನ್ನಡದಲ್ಲಿ ಬರೆದರೂ ಅಡ್ಡಿಯಿಲ್ಲ. ಮೊದಲು ಕಂಪನಿಯ ಎಚ್‌ಆರ್‌ಗೆ ಹೋಗಿ. ಅಲ್ಲಿ ಆಗದಿದ್ದರೆ ಸೌದಿಯಲ್ಲಿ ಕಾರ್ಮಿಕ ಸಚಿವಾಲಯದ 19911, ಯುಎಇಯಲ್ಲಿ 600590000 ನಂಬರಿಗೆ ಕರೆ ಮಾಡಬಹುದು. ಯುಎಇಯಲ್ಲಿರುವ ಭಾರತೀಯರಿಗೆ ನಮ್ಮ ಸರಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 80046342 ಉಂಟು. ಮನೆ ಡ್ರೈವರ್ ಮತ್ತು ಮನೆಕೆಲಸದವರಿಗೆ ಎರಡೂ ದೇಶಗಳಲ್ಲಿ ಬೇರೆಯೇ ನಿಯಮಗಳಿವೆ, ಮೇಲೆ ಹೇಳಿದ ವಿಧಿಗಳು ಅವರಿಗೆ ಹಾಗೆಯೇ ಅನ್ವಯ ಆಗುವುದಿಲ್ಲ. ಅವರು ಹೆಜ್ಜೆ ಇಡುವ ಮೊದಲು ನಮ್ಮನ್ನೋ ರಾಯಭಾರ ಕಚೇರಿಯ ಕಾರ್ಮಿಕ ವಿಭಾಗವನ್ನೋ ಕೇಳಬೇಕು.

ನಾವು ಬೈಯುವಾಗ

ಕೊನೆಗೆ ನಮ್ಮ ಕಡೆಗೇ ಬೆರಳು ತೋರಿಸಬೇಕಾಗಿದೆ. ಇಲ್ಲಿಯವರೆಗೆ ನಾವು ಬೈಗುಳ ತಿನ್ನುವವರ ಹಾಗೆ ಮಾತಾಡಿದೆವು. ನಮ್ಮಲ್ಲಿ ಬೈಯುವವರು ಇಲ್ಲವಾ? ಕೆಫ್ಟೇರಿಯಾ, ಬಕಾಲ, ಟೈಲರ್ ಶಾಪ್, ಗ್ಯಾರೇಜು ಇಟ್ಟುಕೊಂಡ ನಮ್ಮವರು ಎಷ್ಟು ಜನ! ಫೋರ್‌ಮ್ಯಾನ್ ಆದವರು, ಕಿಚನ್ ಇನ್‌ಚಾರ್ಜ್ ಆದವರು ಎಷ್ಟು ಜನ! ಊರಿನಿಂದ ಮೊನ್ನೆ ಬಂದ ಹುಡುಗ ಪರೋಟ ಕರಟಿಸಿದರೆ ಗಿರಾಕಿಯ ಎದುರೇ "ನಿನ್ನ ಉಮ್ಮ ಎಂತ ಕಲಿಸಿದ್ದು ನಿನಗೆ?" ಅಂತ ಕೇಳುವುದು ಬೇರೆ ಯಾರೋ ಅಲ್ಲ, ನಾವೇ. "ನಮ್ಮ ಹುಡುಗ, ನಮ್ಮ ಭಾಷೆಯಲ್ಲಿ ಬೈದರೆ ಎಂತ?" ಅಂತ ಸಮಾಧಾನ ಬೇರೆ. ನಮ್ಮ ಭಾಷೆಯಲ್ಲಿ ಬೈದರೆ ನೋವು ಹೆಚ್ಚು. "ಯಾ ಹಿಮಾರ್" ಕಿವಿಯಲ್ಲಿ ನಿಲ್ಲುತ್ತದೆ, ಬ್ಯಾರಿಯಲ್ಲಿ ಹೇಳಿದ್ದು ಎದೆಗೆ ಇಳಿಯುತ್ತದೆ. ಅಪರಿಚಿತ ಮುದೀರನ ಮೇಲೆ ಎಚ್‌ಆರ್‌ಗೆ ದೂರು ಕೊಡಬಹುದು. ವೀಸಾ ಕೊಟ್ಟು ಕರೆಸಿದ ಮಾವನ ಮೇಲೆ ಎಲ್ಲಿ ಕೊಡುವುದು?

"ನಾವು ಬರುವಾಗ ಇದಕ್ಕಿಂತ ಹೆಚ್ಚು ತಿಂದಿದ್ದೇವೆ" ಅನ್ನುವುದು ನಮ್ಮ ದೊಡ್ಡವರ ಮಾತು. ಹೌದು, ತಿಂದಿದ್ದೀರಿ. ಅದು ಎಷ್ಟು ನೋಯುತ್ತದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಪ್ಪು ಹೇಳಲೇಬೇಕು, ಹೇಳದಿದ್ದರೆ ಹುಡುಗ ಕಲಿಯುವುದಿಲ್ಲ. ಹಿಂದಕ್ಕೆ ಕರೆದು ಹೇಳಿ. ಕರಟಿದ ಪರೋಟದ ವಿಷಯ ಮಾತ್ರ ಹೇಳಿ, ಕಳೆದ ವಾರದ ಒಡೆದ ಗ್ಲಾಸನ್ನು ಅದಕ್ಕೆ ಸೇರಿಸಬೇಡಿ. ಸರಿ ಹೇಗೆ ಅಂತ ಒಂದು ಸಲ ನಿಮ್ಮ ಕೈಯಲ್ಲಿ ಮಾಡಿ ತೋರಿಸಿ. ಅವನ ಮನೆಯನ್ನು, ಸಾಲವನ್ನು, ಶಾಲೆ ಬಿಟ್ಟದ್ದನ್ನು ಮಾತಿಗೆ ತರಬೇಡಿ. ನಮ್ಮ ಅಂಗಡಿಗಳಲ್ಲಿ ಇಷ್ಟು ಮಾಡಲು ಯಾವ ಸಚಿವಾಲಯದ ಆದೇಶವೂ ಬೇಡ.

ರೂಮಿನಲ್ಲಿರುವ ನಮಗೂ ಒಂದು ಕೆಲಸವುಂಟು. ಬೈಗುಳ ತಿಂದು ಬಂದವನಿಗೆ ಚಾ ಕೊಡಿ, ಅವನು ಹೇಳುವುದನ್ನು ಕೇಳಿ, ಬೈದವನ ಮೇಲೆ ಸ್ವಲ್ಪ ಸಿಟ್ಟನ್ನೂ ಮಾಡಿ, ಪರವಾಗಿಲ್ಲ. ಅಷ್ಟಾದ ಮೇಲೆ ಆ ಪ್ರಶ್ನೆ ಕೇಳಿ: "ಅವ ಹೇಳಿದ ವಿಷಯ ಹೌದಾ?" ಹೌದಾದರೆ ನಾಳೆ ಹೇಗೆ ಸರಿ ಮಾಡುವುದು ಅಂತ ಒಟ್ಟಿಗೆ ಕೂತು ನೋಡಿ. ಅಲ್ಲವಾದರೆ, ಗಡಿ ದಾಟಿದ್ದಾದರೆ, ಆ ರಾತ್ರಿಯೇ ಪುಸ್ತಕದಲ್ಲಿ ಬರೆಸಿ. ಎರಡರಲ್ಲಿ ಯಾವುದೇ ಆದರೂ ಬೆಳಿಗ್ಗೆ ಅವನನ್ನು ಎಬ್ಬಿಸಿ ಡ್ಯೂಟಿಗೆ ಕಳಿಸಿ. ದಮ್ಮಾಮಿನ ಆ ರೂಮಿನಲ್ಲಿ ಎಂಟು ಜನರಲ್ಲಿ ಒಬ್ಬರಾದರೂ ಹೀಗೆ ಮಾಡಿದ್ದರೆ ಆ ಹುಡುಗ ಇವತ್ತು ಇಲ್ಲೇ ಇರುತ್ತಿದ್ದ, ಬಹುಶಃ ಈ ಲೇಖನ ಓದುತ್ತಿದ್ದ.

ನಮ್ಮ ಘಟಕದವರ ನಂಬರ್ ನಿಮ್ಮ ಹತ್ತಿರ ಉಂಟು. ಸಂಬಳ ನಿಂತ ಮೇಲೆ, ರಿಪೋರ್ಟ್ ಬಿದ್ದ ಮೇಲೆ ಫೋನ್ ಮಾಡಿದರೆ ನಮ್ಮಿಂದ ಆಗುವುದು ಸ್ವಲ್ಪ. ಏಪ್ರನ್ ಬಿಚ್ಚುವ ಮೊದಲು ಮಾಡಿ. ರಾತ್ರಿ ಒಂದು ಗಂಟೆಯಾದರೂ ಎತ್ತುತ್ತೇವೆ.